ಜೀಪಿನ ಹಿಂದೆ ಖಾಲಿ ಬಸ್ಸು

ಊರು ಹತ್ತಿರವಾಗುತ್ತಿದ್ದಂತೆ ದೊಡ್ಡ ಸರ್ ಕನ್ನಡಕ ತೆಗೆದು ಒರೆಸಲು ಶುರು ಮಾಡುತ್ತಿದ್ದರು. ಹಳ್ಳದ ಮೋರಿ ದಾಟಿದ ಕೂಡಲೇ ಕಿಸೆಯಿಂದ ಕರವಸ್ತ್ರ ಹೊರಗೆ ಬರುತ್ತಿತ್ತು. ಹನುಮಂತನ ಗುಡಿ, ಬೇವಿನ ಕಟ್ಟೆ, ನೀರಿನ ಟಾಕಿ ಎಲ್ಲವನ್ನೂ ದಾಟಿ ಜೀಪು ಶಾಲೆಯ ಅಂಗಳದಲ್ಲಿ ನಿಲ್ಲುವವರೆಗೂ ಆ ಒರೆಸಾಟ ನಡೆಯುತ್ತಿತ್ತು. ಒಂದು ದಿನ ನಾನು ತಡೆಯಲಾರದೆ, "ಸರ್, ಆ ಗಾಜು ಸವದು ಹೋಗ್ತದ ನೋಡ್ರಿ" ಅಂದೆ. ಅವರು ಕನ್ನಡಕವನ್ನು ಮೂಗಿಗೆ ಏರಿಸದೆಯೇ ಉತ್ತರ ಕೊಟ್ಟರು.

"ಕನ್ನಡಕ ಇಲ್ಲಂದ್ರ ಕಟ್ಟಿ ಮ್ಯಾಲ ಯಾರು ಕುಂತಾರ ಅಂತ ಕಾಣಂಗಿಲ್ಲ ತಂಗಿ. ಅದಕ್ಕ ಒರಸ್ತೀನಿ."

ಜೀಪಿನಲ್ಲಿದ್ದವರೆಲ್ಲ ನಕ್ಕರು. ಅವರು ಹೇಳಿದ್ದಕ್ಕೆಲ್ಲ ನಗುವುದು ನಮಗೆ ರೂಢಿಯಾಗಿತ್ತು. ನಾಚಿಕೆಯನ್ನೂ ತಮಾಷೆಯ ಮಾತಿನಲ್ಲಿ ಹೇಳುವ ಮನುಷ್ಯ ಅವರು. ತಮಾಷೆಯನ್ನು ನಾವು ಇಟ್ಟುಕೊಂಡೆವು, ನಾಚಿಕೆಯನ್ನು ಅವರ ಪಾಲಿಗೇ ಬಿಟ್ಟೆವು.

ಅವರು ನಮ್ಮ ಶಾಲೆಯ ಹೆಡ್‌ಮಾಸ್ತರರು. ಹೆಸರು ಬರೆಯುವುದಿಲ್ಲ, ಬರೆದರೆ ಅವರ ಮನೆಯವರಿಗೆ ಮುಜುಗರ, ಊರಿನ ಹೆಸರು ಬರೆದರೆ ಊರಿಗೆ ಮುಜುಗರ. ನಾರಾಯಣಖೇಡದಿಂದ ಕರ್ನಾಟಕದ ಗಡಿಯ ಕಡೆಗೆ ಒಳದಾರಿ ಹಿಡಿದು ಹೋದರೆ ಸಿಗುವ ಊರು ಅಂದರೆ ಸಾಕು. ನಾರಾಯಣಖೇಡವನ್ನು ನಾವೆಲ್ಲ ಖೇಡ್ ಅಂತಲೇ ಕರೆಯುತ್ತೇವೆ. ಆ ಊರಿನಲ್ಲಿ ತಾಯಂದಿರು ಮಕ್ಕಳನ್ನು ಬೈಯುವುದು ಕನ್ನಡದಲ್ಲಿ, ನಾವು ಪಾಠ ಹೇಳುವುದು ತೆಲುಗಿನಲ್ಲಿ, ಸಂತೆಯಲ್ಲಿ ಚೌಕಾಸಿ ನಡೆಯುವುದು ಉರ್ದುವಿನಲ್ಲಿ. ಮಕ್ಕಳು ಮೂರನ್ನೂ ಕಲಿತು ಏಳನೆಯ ತರಗತಿಗೆ ಬಂದು ನಿಲ್ಲುತ್ತಾರೆ, ಯಾಕೆಂದರೆ ನಮ್ಮ ಶಾಲೆ ಇರುವುದು ಏಳರವರೆಗೆ ಮಾತ್ರ.

ನಮ್ಮಲ್ಲಿ ಯಾರೂ ಆ ಊರಿನಲ್ಲಿ ವಾಸ ಇರಲಿಲ್ಲ. ನಮ್ಮ ಕಡೆ ಇದಕ್ಕೆ 'ಅಪ್-ಡೌನ್' ಅನ್ನುತ್ತಾರೆ. ಹೆಣ್ಣು ಕೊಡುವವರು ಕೂಡ ಹುಡುಗ ಎಲ್ಲಿ ನೌಕರಿ ಮಾಡುತ್ತಾನೆ ಅಂತ ಕೇಳುವ ಮೊದಲು ಅಪ್-ಡೌನ್ ಎಲ್ಲಿಂದ ಅಂತ ಕೇಳುತ್ತಾರೆ. ನೌಕರಿ ಖೇಡದ ಕಡೆ, ಮನೆ ಜಹೀರಾಬಾದಿನಲ್ಲಿ. ಜಹೀರಾಬಾದಿನಲ್ಲಿ ಹೈವೇ ಇದೆ, ರೈಲಿದೆ, ಟ್ರ್ಯಾಕ್ಟರ್ ಕಾರ್ಖಾನೆ ಇದೆ, ಮಕ್ಕಳ ಡಾಕ್ಟರಿದ್ದಾರೆ, ಹಲ್ಲಿನ ಡಾಕ್ಟರಂತೂ ಗಲ್ಲಿಗೊಬ್ಬರು. ನನ್ನ ಗಂಡ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಮಕ್ಕಳಿಗೆ ಮನೆಬಾಗಿಲಿಗೇ ಸ್ಕೂಲ್ ವ್ಯಾನ್ ಬರುತ್ತದೆ, ಐದು ನಿಮಿಷ ತಡವಾದರೆ ನಾನು ಡ್ರೈವರಿಗೆ ಫೋನು ಮಾಡಿ ಜಗಳ ಆಡುತ್ತೇನೆ. ಹಾಗೆ ಜಗಳ ಆಡಿ, ಮಕ್ಕಳನ್ನು ಕಳಿಸಿ, ಬೈಪಾಸಿನ ಹತ್ತಿರ ನಮ್ಮನ್ನು ದಿನಾ ಕರೆದೊಯ್ಯುವ ಖಾಜಾನ ತೂಫಾನ್ ಜೀಪು ಹತ್ತಿ, ಬೇರೆಯವರ ಮಕ್ಕಳಿಗೆ ಪಾಠ ಹೇಳಲು ಒಂದೂವರೆ ಗಂಟೆ ತಡವಾಗಿ ಹೋಗುತ್ತೇನೆ.

ಜೀಪು ಬಂದಾಗ ಶಾಲೆ ಶುರು. ಊರಿನವರು ಇದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಬಿಸಿಯೂಟ ಮಾಡುವ ನಾಗಮ್ಮ ಬೇಳೆಗೆ ನೀರಿಡುತ್ತಿದ್ದದ್ದು ಜೀಪಿನ ಸದ್ದು ಕೇಳಿದ ಮೇಲೆ. ಜೀಪು ಹೊರಟರೆ ಶಾಲೆ ಬಿಟ್ಟ ಹಾಗೆ. ಸರ್ಕಾರದ ಹೊತ್ತು ಬೇರೆ, ಖಾಜಾನ ಹೊತ್ತು ಬೇರೆ. ಮಕ್ಕಳು ನಂಬಿದ್ದು ಖಾಜಾನ ಹೊತ್ತನ್ನು.

ಇನ್ನೊಂದು ಮಾತು ಹೇಳದಿದ್ದರೆ ಈ ಕತೆ ಅರ್ಥವಾಗುವುದಿಲ್ಲ. ನಮ್ಮ ಬದಲಿಗಳು, ಅಂದರೆ ವರ್ಗಾವಣೆಗಳು, ಪಾಯಿಂಟಿನ ಮೇಲೆ ನಡೆಯುತ್ತವೆ. ದೂರದ, ಸೌಕರ್ಯವಿಲ್ಲದ ಊರಿನಲ್ಲಿ ದುಡಿದವರಿಗೆ ಹೆಚ್ಚು ಪಾಯಿಂಟು. ಕಷ್ಟಪಟ್ಟವರಿಗೆ ಒಂದಿಷ್ಟು ನ್ಯಾಯ ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದು. ಆದರೆ ದಾರಿಯ ಬೇರೆ ಊರುಗಳ ಮಾಸ್ತರರೂ ಹತ್ತುತ್ತಿದ್ದ ಆ ಜೀಪಿನಲ್ಲಿ ನಮ್ಮ ಮಾತು ಬೇರೆಯೇ ಇರುತ್ತಿತ್ತು. "ನಿಮ್ಮ ಊರಿಗಿ ಡಾಂಬರ್ ಬೀಳ್ತದಂತ, ಖರೇ ಏನ್ರಿ?" ಅಂತ ಒಬ್ಬರು ಕೇಳಿದರೆ, ಆ ಊರಿನ ಮಾಸ್ತರ ಮುಖ ಸಪ್ಪಗೆ ಮಾಡಿಕೊಂಡು, "ಇನ್ನೂ ಇಲ್ರಿ, ಸುದ್ದಿ ಅದ ಅಷ್ಟೇ" ಅನ್ನುತ್ತಿದ್ದ. ರಸ್ತೆ ಬಂದರೆ, ಬಸ್ಸು ಬಂದರೆ, ಊರು ಮೇಲಿನ ದರ್ಜೆಗೆ ಹೋಗುತ್ತದೆ. ಊರು ಮೇಲೆ ಹೋದರೆ ನಮ್ಮ ಪಾಯಿಂಟು ಕೆಳಗೆ. ಒಂದು ಊರಿಗೆ ರಸ್ತೆ ಬರದಿರಲಿ ಅಂತ ಮನಸ್ಸಿನಲ್ಲೇ ಹರಕೆ ಹೊರುವ ವಿದ್ಯಾವಂತರನ್ನು ನೋಡಬೇಕಿದ್ದರೆ ನಮ್ಮ ಜೀಪು ಹತ್ತಬೇಕಿತ್ತು. ದೊಡ್ಡ ಸರ್ ಆ ಮಾತಿನ ನಡುವೆ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಒಮ್ಮೆ ಮಾತ್ರ ಬಾಯಿ ಬಿಟ್ಟರು.

"ಡಾಕ್ಟರು ಪೇಷಂಟ್ ಗುಣಾ ಆಗಬಾರ್ದು ಅಂತ ಬೇಡ್ಕೊಂಡಂಗಾತು."

ಅದಕ್ಕೂ ನಕ್ಕೆವು.

ಅವರು ತಾಂಡೂರಿನವರು. ಸ್ಟೇಷನ್ನಿನ ಹತ್ತಿರ ಬೆಳೆದವರು. ಅವರ ತಂದೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಪಾಲಿಷ್ ಕೆಲಸದಲ್ಲಿದ್ದರಂತೆ. ಅವರು ಹುಟ್ಟಿದ ಮನೆಯಲ್ಲಿ ಕಲ್ಲಿನ ಪುಡಿ ಅನ್ನದಲ್ಲೂ ಸಿಗುತ್ತಿತ್ತಂತೆ. ತಾಂಡೂರಿನ ತೊಗರಿಯ ಬಗ್ಗೆ ಮಾತೆತ್ತಿದರೆ ಮುಗಿಯಿತು. ಪ್ರತಿ ಸುಗ್ಗಿಯಲ್ಲಿ ನಮಗೆಲ್ಲ ಬೇಳೆ ತಂದುಕೊಟ್ಟು, "ನಿಮ್ಮ ಜಹೀರಾಬಾದ್ ಬ್ಯಾಳಿ ಬ್ಯಾಳಿ ಏನ್ರಿ, ಗಂಟೆಗಟ್ಟಲೆ ಕುದ್ದ್ರೂ ಮಾತು ಕೇಳಂಗಿಲ್ಲ" ಅಂತ ಹಂಗಿಸುತ್ತಿದ್ದರು. ನಾನು ಕೊಹೀರ್‌ನ ಮಗಳು. ನನಗೆ ಸಿಟ್ಟು ಬೇಗ. "ನಿಮ್ಮ ಊರಿನ ಪೇರಲ ಹಣ್ಣಿನಂಗ ನೋಡು ನೀ, ಮ್ಯಾಲ ತಣ್ಣಗ, ಒಳಗ ಕೆಂಪಗ" ಅನ್ನುತ್ತಿದ್ದರು. ನನ್ನ ಸಿಟ್ಟನ್ನು ಹೊಗಳಿದವರು ಈ ಜಗತ್ತಿನಲ್ಲಿ ಅವರೊಬ್ಬರೇ.

ಸಮಾಜ ಪಾಠ ಅವರೇ ತೆಗೆದುಕೊಳ್ಳುತ್ತಿದ್ದರು. ಪುಸ್ತಕದಲ್ಲಿ ಅಭಿವೃದ್ಧಿ, ಆಯುಷ್ಯ, ಸಾಕ್ಷರತೆ ಅಂತ ಏನೇನೋ ಇರುತ್ತಿತ್ತು. ಅವರು ಪುಸ್ತಕ ಮುಚ್ಚಿ ಮಕ್ಕಳಿಗೆ ಕೇಳುತ್ತಿದ್ದದ್ದು, "ನಿಮ್ಮ ಅಜ್ಜಿ ಹಲ್ಲು ಎಷ್ಟವ?" ಮಕ್ಕಳು ಮನೆಗೆ ಹೋಗಿ ಅಜ್ಜಿಯರ ಬಾಯಿ ತೆರೆಸಿ ನೋಡಿ ಬರುತ್ತಿದ್ದರು. ಆಮೇಲೆ ಅವರು ಕರಿಹಲಗೆಯ ಮೇಲೆ ಮೂವರು ಅಜ್ಜಿಯರ ಚಿತ್ರ ಬರೆಯುತ್ತಿದ್ದರು. ಚಿತ್ರ ಕೆಟ್ಟದಾಗಿರುತ್ತಿತ್ತು, ಮೂವರೂ ಬದನೆಕಾಯಿಯ ಹಾಗೆ ಕಾಣುತ್ತಿದ್ದರು. ಒಬ್ಬಾಕೆ ತಾಂಡೂರಿನ ಅಜ್ಜಿ, ಒಬ್ಬಾಕೆ ಜಹೀರಾಬಾದಿನ ಅಜ್ಜಿ, ಒಬ್ಬಾಕೆ ಈ ಊರಿನ ಅಜ್ಜಿ. ಮೂವರದೂ ಒಂದೇ ವಯಸ್ಸು. "ಜಹೀರಾಬಾದ್ ಅಜ್ಜಿ ಮುಂಜಾನೆದ್ದು ಬೂಟ್ ಹಾಕ್ಕೊಂಡು ವಾಕಿಂಗ್ ಹೋಗ್ತಾಳ. ಈ ಊರ ಅಜ್ಜಿ ಕೋಲು ಹಿಡ್ಕೊಂಡು ನೀರಿಗೆ ಹೋಗ್ತಾಳ. ಯಾಕ? ದೇವರು ಇಬ್ಬರನ್ನೂ ಒಂದೇ ಮಣ್ಣಿನಾಗ ಮಾಡ್ಯಾನ." ಮಕ್ಕಳು ಉತ್ತರ ಹುಡುಕುತ್ತಿದ್ದರು. ನೀರು ಅನ್ನುವವರು ಕೆಲವರು, ದವಾಖಾನೆ ಅನ್ನುವವರು ಕೆಲವರು. ಒಂದು ವರ್ಷ ನಾಗಮ್ಮನ ದೊಡ್ಡ ಮಗಳು ಅನಿತಾ ಎದ್ದು ನಿಂತು, "ಬಸ್ ಸರ್" ಅಂದಳು. "ಬಸ್ ಇದ್ರ ದವಾಖಾನಿಗಿ ಹೋಗಬಹುದು, ಸಾಲಿಗಿ ಹೋಗಬಹುದು, ಮತ್ತ ಡಾಕ್ಟರು ಬೇಕಂದ್ರ ಇಲ್ಲಿಗಿ ಬರಬಹುದು." ನಾನು ಪಕ್ಕದ ಕೋಣೆಯಲ್ಲಿ ಪಾಠ ಹೇಳುತ್ತಿದ್ದೆ. ನನಗೂ ಕೇಳಿಸಿತು.

ಆಗ ಅನಿತಾ ಏಳನೆಯದರಲ್ಲಿದ್ದಳು. ತರಗತಿಗೇ ಮೊದಲು. ಎಂಟನೆಯದಕ್ಕೆ ಖೇಡದ ಹೈಸ್ಕೂಲಿಗೆ ಹೋಗಬೇಕು. ಗಂಡುಹುಡುಗರು ಯಾರದೋ ಮೋಟಾರುಸೈಕಲ್ಲಿನ ಹಿಂದೆ ಕೂತು ಹೋಗುತ್ತಿದ್ದರು. ಹೆಣ್ಣುಹುಡುಗಿಯರು ಏಳಕ್ಕೆ ಪುಸ್ತಕ ಕಟ್ಟಿಡುತ್ತಿದ್ದರು. ನಾಗಮ್ಮ ಒಂದು ಮಧ್ಯಾಹ್ನ ಸಾರಿನ ಸೌಟು ಹಿಡಿದುಕೊಂಡೇ ಆಫೀಸು ಕೋಣೆಗೆ ಬಂದಳು.

"ಸರ್, ನಮ್ ಪೋರಿ ಅನಿತಾ ಓದತೀನಿ ಅಂತ ಹಟ ಹಿಡದಾಳ. ಅವ್ರಪ್ಪ ಬಸ್ ಇದ್ರ ಕಳಿಸ್ತೀನಿ ಅಂತಾನ. ಬಸ್ ಎಲ್ಲಿಂದ ತರ್ಲಿ ನಾ?"

"ನಾ ತರ್ತೀನಿ" ಅಂದರು ದೊಡ್ಡ ಸರ್. ಹೇಳಿದ ಮೇಲೆ ತಾವೇ ಗಾಬರಿಯಾದ ಹಾಗೆ ನಮ್ಮ ಮುಖ ನೋಡಿದರು.

ಆ ಬೇಸಿಗೆ ಪೂರ್ತಿ ಅವರು ಡಿಪೋಕ್ಕೆ ಅಲೆದರು. ರಜೆಯಲ್ಲಿ ಮೊಮ್ಮಗನ ಜೊತೆ ತಾಂಡೂರಿಗೆ ಹೋಗಬೇಕಿದ್ದ ಮನುಷ್ಯ ಖೇಡದ ಬಿಸಿಲಿನಲ್ಲಿ ಬೆಂಚಿನ ಮೇಲೆ ಕೂತಿರುತ್ತಿದ್ದರು. ಡಿಪೋದವರದೂ ನ್ಯಾಯದ ಮಾತೇ: ಒಂದು ತಿಂಗಳು ಬಿಟ್ಟು ನೋಡುತ್ತೇವೆ, ದಿನಾ ಹತ್ತುವ ಮಂದಿ ಇದ್ದರೆ ಮುಂದುವರಿಸುತ್ತೇವೆ, ಇಲ್ಲದಿದ್ದರೆ ಇಲ್ಲ. ಬೆಳಿಗ್ಗೆ ಖೇಡದಿಂದ ಊರಿಗೆ ಬಂದು ಹುಡುಗಿಯರನ್ನು ಕರೆದುಕೊಂಡು ಹೋಗಬೇಕು, ಸಂಜೆ ಹುಡುಗಿಯರನ್ನು ತಂದು ಬಿಟ್ಟು ವಾಪಸ್ ಹೋಗಬೇಕು. ಹೋಗುವಾಗ ಹುಡುಗಿಯರಿರುತ್ತಾರೆ. ಬರುವಾಗ ಯಾರು? ಹೊಲಕ್ಕೆ ಹೋಗುವ ಮಂದಿ ಸಂತೆಯ ದಿನ ಬಿಟ್ಟರೆ ಬಸ್ಸು ಹತ್ತುವವರಲ್ಲ.

"ನಾವು ಇದ್ದೀವಲ್ಲ" ಅಂದರು ಸರ್, ಜೀಪಿನಲ್ಲಿ ನಮ್ಮ ಕಡೆ ತಿರುಗಿ. "ಪಗಾರದ ಮಂದಿ. ಮಾಸ್ತರು, ನರ್ಸಮ್ಮ, ಪಂಚಾಯ್ತಿ ಸೆಕ್ರೆಟರಿ. ನಾವು ಹತ್ತಿದ್ರ ಬಸ್ ತುಂಬ್ತದ. ಜಹೀರಾಬಾದ್‌ನಾಗ ಖೇಡ್‌ಗಿ ಹೋಗೂ ಮೊದಲ ಬಸ್ ಹಿಡದ್ರ ಆತು, ಅಲ್ಲಿ ಈ ಬಸ್ ಸಿಗ್ತದ. ಒಂದ್ ತಿಂಗಳ ಮಾತು. ಆಮ್ಯಾಲ ರೂಢಿ ಆಗ್ತದ."

ಎಲ್ಲರೂ ಹೂಂ ಅಂದೆವು. ಅವರಿಗೆ ಇಲ್ಲ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಅವರು ಹೇಳಿದ್ದನ್ನು ಮಾಡುವ ಮನಸ್ಸೂ ಇರಲಿಲ್ಲ.

ಶಾಲೆ ಶುರುವಾಗುವ ದಿನ ಬಸ್ಸು ಬಂತು. ಚೆಂಡುಹೂವಿನ ಹಾರ ಹಾಕಿ, ಗಾಲಿಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದರು. ನಾವೆಲ್ಲ ಅದರಲ್ಲಿಯೇ ಬಂದಿಳಿದೆವು. ಊರಿನ ಹೆಂಗಸರು ನಮ್ಮ ಕಾಲಿಗೆ ನೀರು ಹಾಕಿದರು. ಅನಿತಾ ಹೊಸ ಚೀಲ ಬೆನ್ನಿಗೆ ಹಾಕಿ ಹತ್ತಿದಳು, ಅವಳ ಹಿಂದೆ ಇನ್ನಷ್ಟು ಹುಡುಗಿಯರು. ದೊಡ್ಡ ಸರ್ ಕಂಡಕ್ಟರನ ಕೈ ಹಿಡಿದು ಮಾತಾಡುತ್ತಲೇ ಇದ್ದರು. ಆ ದಿನ ಅವರನ್ನು ನೋಡಿದವರು ಮನೆಯಲ್ಲಿ ಮದುವೆ ಅಂದುಕೊಳ್ಳಬೇಕು.

ಮೊದಲ ವಾರ ಎಲ್ಲರೂ ಬಸ್ಸಿನಲ್ಲಿ ಬಂದೆವು. ಶಾಲೆ ಹೊತ್ತಿಗೆ ಸರಿಯಾಗಿ ಶುರುವಾಯಿತು. ನಾಗಮ್ಮನ ಬೇಳೆ ಹಸಿಯಾಗಿಯೇ ಉಳಿಯಿತು, ಅವಳಿಗೆ ಹೊಸ ಹೊತ್ತು ಗೊತ್ತಾಗಲಿಲ್ಲ. ಎರಡನೆಯ ವಾರ ಪಂಚಾಯ್ತಿ ಸೆಕ್ರೆಟರಿ ಮೋಟಾರುಸೈಕಲ್ ತೆಗೆದ. ಲೆಕ್ಕದ ಸರ್‌ಗೆ ಬೆನ್ನುನೋವು ಬಂತು. ನರ್ಸಮ್ಮನ ಮಗುವಿಗೆ ನೆಗಡಿ. ನನ್ನ ಮಕ್ಕಳಿಗೆ ಡಬ್ಬಿ ಕಟ್ಟಬೇಕಲ್ಲ, ಕತ್ತಲಲ್ಲಿ ಎದ್ದು ಎಷ್ಟು ದಿನ ಕಟ್ಟಲಿ? ಖಾಜಾ ಬೈಪಾಸಿನಲ್ಲಿ ಖಾಲಿ ಜೀಪು ನಿಲ್ಲಿಸಿಕೊಂಡು ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದ. ಅವನಿಗೂ ಹೊಟ್ಟೆಯಿದೆ. ಒಬ್ಬೊಬ್ಬರಾಗಿ ಜೀಪಿಗೆ ಮರಳಿದೆವು. ಯಾರೂ ಇನ್ನೊಬ್ಬರಿಗೆ ಹೇಳಿ ಮಾಡಲಿಲ್ಲ, ಆದರೆ ಎಲ್ಲರೂ ಅಲ್ಲಿಯೇ ಸಿಕ್ಕೆವು. ಪಾಯಿಂಟಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬರುವ ಅಗತ್ಯವಿರಲಿಲ್ಲ.

ದೊಡ್ಡ ಸರ್ ಒಬ್ಬರೇ ಬಸ್ಸಿನಲ್ಲಿ ಬರುತ್ತಿದ್ದರು. ನಮ್ಮನ್ನು ಬೈಯಲಿಲ್ಲ. ನಾವು ಜೀಪಿನಿಂದ ಇಳಿಯುವ ಹೊತ್ತಿಗೆ ಅವರು ಪ್ರಾರ್ಥನೆ ಮುಗಿಸಿ, ಎಲ್ಲ ತರಗತಿಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದರು. ಅವರು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ಅವರು ಮಾತ್ರ "ಚಾ ಕುಡೀರಿ" ಅನ್ನುತ್ತಿದ್ದರು.

ತಿಂಗಳು ಮುಗಿಯಲು ಇನ್ನು ಕೆಲವೇ ದಿನ ಇದ್ದಾಗ ಒಂದು ಬೆಳಿಗ್ಗೆ ಅವರು ಬೈಪಾಸಿನಲ್ಲಿ ನಿಂತಿದ್ದರು. ಜ್ವರವಿರಲಿಲ್ಲ, ಮೊಣಕಾಲು ನೋವೂ ಇರಲಿಲ್ಲ. ಹಿಂದಿನ ದಿನ ಮೊಮ್ಮಗನ ಜವಳ ಇತ್ತು, ಮನೆ ತುಂಬ ನೆಂಟರು, ಏಳುವುದು ತಡವಾಗಿತ್ತು. ಅಷ್ಟೇ ಕಾರಣ. ಖಾಜಾ ಇಳಿದು ಬಂದು ಮುಂದಿನ ಸೀಟು ಒರೆಸಿ ಕೊಟ್ಟ. ನಮಗೆಲ್ಲ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ, ನಾನಂತೂ ಬ್ಯಾಗಿನಿಂದ ಚಕ್ಕುಲಿ ತೆಗೆದು ಹಂಚಿದೆ. ಅವರೂ ಒಂದು ತಿಂದರು.

ಅವತ್ತೇ ಬಸ್ಸು ಖೇಡದಲ್ಲಿ ಪಂಕ್ಚರ್ ಆಗಿ ತಡವಾಗಿ ಹೊರಟಿತ್ತು. ಮೋರಿಯ ಹತ್ತಿರ ನಮ್ಮ ಹಿಂದೆ ಬಂದು ಹಾರ್ನ್ ಮಾಡಿತು. ದಾರಿ ಇಕ್ಕಟ್ಟು, ದಾಟಿ ಹೋಗಲು ಜಾಗವಿಲ್ಲ. ಹಾಗಾಗಿ ಮುಂದೆ ನಮ್ಮ ಜೀಪು, ತುಂಬಿ ತುಳುಕುತ್ತ. ಹಿಂದೆ ಬಸ್ಸು, ಡ್ರೈವರ್ ಕಂಡಕ್ಟರ್ ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲದೆ. ಹೀಗೆ ಮೆರವಣಿಗೆಯ ಹಾಗೆ ಊರೊಳಗೆ ಹೋದೆವು. ಬೇವಿನ ಕಟ್ಟೆಯ ಮೇಲೆ ಹುಡುಗಿಯರು ಚೀಲ ಹಾಕಿಕೊಂಡು ಬೆಳಗಿನಿಂದ ಕಾದು ನಿಂತಿದ್ದರು. ಅನಿತಾ ನಮ್ಮ ಜೀಪನ್ನು ನೋಡಲೇ ಇಲ್ಲ. ದೊಡ್ಡ ಸರ್‌ಗೆ ನಮಸ್ಕಾರ ಮಾಡಲು ಕೈ ಜೋಡಿಸಿಕೊಂಡು ಬಸ್ಸಿನ ಒಂದೊಂದು ಕಿಟಕಿಯನ್ನೂ ನೋಡುತ್ತ ಹೋದಳು. ಕೊನೆಯ ಕಿಟಕಿಯವರೆಗೂ ನೋಡಿ, ಆಮೇಲೆ ಜೀಪಿನ ಕಡೆ ತಿರುಗಿದಳು. ಮುಂದಿನ ಸೀಟಿನಲ್ಲಿ ಅವರು. ಕೈಯಲ್ಲಿ ಅರ್ಧ ಚಕ್ಕುಲಿ.

ತಿಂಗಳಾದ ಮೇಲೆ ಬಸ್ಸು ನಿಂತಿತು. ಅವರು ಮತ್ತೆ ಡಿಪೋಕ್ಕೆ ಹೋದರು. "ಸರ್, ನೀವೇ ಹತ್ತಂಗಿಲ್ಲಲ್ಲ" ಅಂದರಂತೆ ಅಲ್ಲಿಯವರು, ಕೆಟ್ಟ ಮನಸ್ಸಿನಿಂದಲ್ಲ. ಅನಿತಾ ಸ್ವಲ್ಪ ದಿನ ಹಾಲಿನ ವ್ಯಾನಿನಲ್ಲಿ, ಸ್ವಲ್ಪ ದಿನ ನಡೆದು ಹೋದಳು. ದಸರೆ ರಜೆಗೆ ಬಂದವಳು ಮತ್ತೆ ಹೋಗಲಿಲ್ಲ. ಮರುವರ್ಷ ತಾಯಿಯ ಜೊತೆ ಶಾಲೆಯ ಅಡುಗೆಮನೆಗೆ ಬಂದಳು. ತಾನು ಮೊದಲನೆಯವಳಾಗಿ ಪಾಸಾದ ಶಾಲೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಮಧ್ಯಾಹ್ನ ನಮಗೆ ಬಡಿಸುವವಳೂ ಅವಳೇ. ಸರ್ ತಮ್ಮ ತಟ್ಟೆಯನ್ನು ತಾವೇ ತೊಳೆಯಲು ಶುರು ಮಾಡಿದ್ದು, ಜೀಪಿನಲ್ಲಿ ಕನ್ನಡಕ ಒರೆಸಲು ಶುರು ಮಾಡಿದ್ದು ಎರಡೂ ಆಮೇಲಿನ ಮಾತು.

ಒಂದು ಸಲ ಅವರು ಊರಿನಲ್ಲೇ ಕೋಣೆ ಹಿಡಿದರು. ಸಂಜೆ ಅನಿತಾಗೂ ಇತರ ಹುಡುಗಿಯರಿಗೂ ಪಾಠ ಹೇಳಿ, ಮನೆಯಿಂದಲೇ ಹತ್ತನೆಯ ಪರೀಕ್ಷೆ ಕಟ್ಟಿಸಬೇಕು ಅಂತ ಅವರ ಲೆಕ್ಕ. ಹಾಸಿಗೆ, ಸ್ಟೋವು, ಒಂದು ಗಡಿಗೆ ಹೊತ್ತು ಬಂದರು. ಮೂರನೆಯ ದಿನಕ್ಕೆ ಹೊಟ್ಟೆ ಕೆಟ್ಟಿತು. ಊರಿನಲ್ಲಿ ಡಾಕ್ಟರಿಲ್ಲ, ನರ್ಸಮ್ಮ ನಮ್ಮ ಜೊತೆ ಜೀಪಿನಲ್ಲಿ ಹೊರಟುಹೋಗಿರುತ್ತಿದ್ದಳು. ವಾರ ತುಂಬುವ ಮೊದಲೇ ಮಗ ಬಂದು ಕಾರಿನಲ್ಲಿ ಜಹೀರಾಬಾದಿಗೆ ಕರೆದುಕೊಂಡು ಹೋಗಿ ಸಲೈನ್ ಹಾಕಿಸಿದ. ನಾನು ನೋಡಲು ಹೋದಾಗ ಆಸ್ಪತ್ರೆಯ ಮಂಚದ ಮೇಲೆ ಮಲಗಿ ನಗುತ್ತಿದ್ದರು.

"ನೋಡಿದ್ಯಾ ತಂಗಿ? ಆ ಊರ ಮಂದಿ ಅಲ್ಲೇ ಹುಟ್ಟಿ, ಅಲ್ಲೇ ಬದಕಿ, ಅಲ್ಲೇ ಮುದುಕರಾಗ್ತಾರ. ನಾ ಒಂದ್ ವಾರ ಬದಕಲಿಲ್ಲ. ನನಗ ಬಂದದ್ದು ಬ್ಯಾನಿ, ಅವರಿಗಿ ಬಂದ್ರ ಅದು ಹಣೆಬರ."

ಆಮೇಲೆ ಗೋಡೆಯ ಕಡೆ ತಿರುಗಿಕೊಂಡರು. ನಗು ನಿಂತಿತ್ತು. "ನನಗ ನಾಚಿಕಿ ಆಗ್ತದ" ಅಂದರು. ಯಾವ ತಮಾಷೆಯನ್ನೂ ಸುತ್ತದೆ ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ನಾನು ಮೋಸಂಬಿ ಸುಲಿಯುತ್ತ ಕೂತೆ.

ಅವರ ನಿವೃತ್ತಿಯ ದಿನ ಊರಿಗೆ ಊರೇ ಶಾಲೆಯ ಅಂಗಳದಲ್ಲಿ ಸೇರಿತ್ತು. ಶಾಮಿಯಾನ, ಮೈಕು, ಬಾಜಾಭಜಂತ್ರಿ. ಎತ್ತಿನ ಬಂಡಿಯಲ್ಲಿ ಕೂರಿಸಿ ತರುತ್ತೇವೆ ಅಂದದ್ದಕ್ಕೆ ಸರ್ ಒಪ್ಪದೆ ನಡೆದೇ ಬಂದರು. ಶಾಲು, ಹಾರ, ಫೋಟೊ ಎಲ್ಲ ಮುಗಿದ ಮೇಲೆ ನಾಗಮ್ಮ ಮೈಕಿನ ಮುಂದೆ ಬಂದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಸರ್‌ಗೆ ಕೈಮುಗಿದಳು.

"ಸರ್, ನೀವು ಬಿಸಿಲಾಗ ಅಡ್ಡಾಡಿ ನಮ್ ಊರಿಗಿ ಬಸ್ ತಂದ್ರಿ. ನಾವು ಹೊಲಾ ಮನಿ ಅಂತ ಹತ್ತಲಿಲ್ಲ. ನಮ್ ಮಂದಿ ಹತ್ತಿದ್ರ ಬಸ್ ನಿಲ್ತಿದ್ದಿಲ್ಲ. ನಿಮ್ ಮಾನ ನಾವು ಕಳದ್ವಿ. ಊರ ಪರವಾಗಿ ಮಾಫಿ ಕೇಳ್ತೀನ್ರಿ."

ಮುಂದೆ ಕೂತ ಹಿರಿಯರು ತಲೆ ತಗ್ಗಿಸಿದರು. ಅವರಿಗೆ ನಿಜವಾಗಿ ನಾಚಿಕೆಯಾಗಿತ್ತು. ಇಷ್ಟು ವರ್ಷ ಅವರು ಹಾಗೆಯೇ ತಿಳಿದುಕೊಂಡಿದ್ದರು: ಬಸ್ಸು ನಿಂತದ್ದು ತಮ್ಮಿಂದ, ದೊಡ್ಡ ಮನುಷ್ಯರು ಕೊಟ್ಟದ್ದನ್ನು ಉಳಿಸಿಕೊಳ್ಳುವ ಯೋಗ್ಯತೆ ತಮಗಿಲ್ಲ ಅಂತ. ವೇದಿಕೆಯ ಮೇಲೆ ಸಾಲಾಗಿ ಕೂತಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನಗೆ ಕುರ್ಚಿಯ ಕೆಳಗೆ ಭೂಮಿ ಬಾಯಿಬಿಟ್ಟಿದ್ದರೆ ಸಾಕಿತ್ತು.

ಸರ್ ಎದ್ದು ಹೋಗಿ ನಾಗಮ್ಮನ ಕೈಯಿಂದ ಮೈಕು ತೆಗೆದುಕೊಂಡರು. ಕೊರಳಿನ ಹಾರಗಳನ್ನೆಲ್ಲ ತೆಗೆದು ಮೇಜಿನ ಮೇಲಿಟ್ಟರು.

"ನಾಗಮ್ಮ, ಬಸ್ ನಿಲ್ಸಿದ್ದು ನೀವಲ್ಲ, ನಾವು. ದಿನಾ ಬರೋ ಮಂದಿ ನಾವು. ನಾವು ಬಸ್ ಹತ್ತೋದು ಬಿಟ್ಟು ಜೀಪ್‌ನ್ಯಾಗ ಬಂದ್ವಿ. ನಮಗ ನಸುಕಿನಾಗ ಏಳೋದು ಬ್ಯಾಡಾಗಿತ್ತು. ಈ ಊರು ಹಿಂದ ಉಳದ್ರ ನಮಗ ಫಾಯ್ದಾ ಇತ್ತು. ನಾನೂ ಜೀಪ್‌ನ್ಯಾಗ ಬಂದೀನಿ, ನೀವೇ ನೋಡೀರಿ. ಮಾಫಿ ಕೇಳಬೇಕಾದವರು ನಾವು."

ಶಾಮಿಯಾನದ ಬಟ್ಟೆ ಗಾಳಿಗೆ ಪಟಪಟ ಅನ್ನುವುದು ಕೇಳುತ್ತಿತ್ತು. ನಾನು ಅಂದುಕೊಂಡೆ, ಈಗ ಯಾರಾದರೂ ಎದ್ದು ನಮ್ಮನ್ನು ಬೈಯುತ್ತಾರೆ, ಬೈಯಲಿ, ಮುಗಿದುಹೋಗಲಿ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕ ನಿಧಾನ ಎದ್ದು ನಿಂತ. ಕಣ್ಣಲ್ಲಿ ನೀರು.

"ನೋಡ್ರಿ, ಎಂಥಾ ದೊಡ್ಡ ಮನಸ್ಸು ಅದ ನಮ್ ಸರ್‌ದು. ನಮ್ ತಪ್ಪು ತಮ್ ಮ್ಯಾಲ ಹಾಕ್ಕೊಂತಾರ."

ಅವನು ಚಪ್ಪಾಳೆ ಹೊಡೆದ. ಅವನ ಹಿಂದೆ ಊರೆಲ್ಲ ಚಪ್ಪಾಳೆ ಹೊಡೆಯಿತು. ಸರ್ "ಇಲ್ರಿ, ಖರೇ ಹೇಳಾಕತ್ತೀನಿ" ಅನ್ನುತ್ತಲೇ ಇದ್ದರು. ಬಾಜಾದವರು ಮಾತು ಮುಗಿಯಿತು ಅಂದುಕೊಂಡು ಬಾರಿಸಲು ಶುರು ಮಾಡಿದರು. ವೇದಿಕೆಯ ಮೇಲೆ ಲೆಕ್ಕದ ಸರ್ ಮೊದಲು ಕೈ ತಟ್ಟಿದರು, ಆಮೇಲೆ ನರ್ಸಮ್ಮ, ಆಮೇಲೆ ನಾನು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅನಿತಾ ಮಾತ್ರ ಕೈ ತಟ್ಟಲಿಲ್ಲ. ಅವಳು ಸರ್ ಕಡೆ ನೋಡುತ್ತಿರಲಿಲ್ಲ, ನಮ್ಮ ಕಡೆ ನೋಡುತ್ತಿದ್ದಳು.

ಸರ್ ತೀರಿಕೊಂಡದ್ದು ಹೋದ ಚಳಿಗಾಲದಲ್ಲಿ. ನಿವೃತ್ತಿಯ ನಂತರ ಅವರ ಮಾತು ಬಹಳ ಕಡಿಮೆಯಾಗಿತ್ತು. ನಾನು ಹೋದಾಗೆಲ್ಲ ಕೇಳುತ್ತಿದ್ದದ್ದು ಒಂದೇ, ಈಗ ಏಳನೆಯದರಲ್ಲಿ ಎಷ್ಟು ಜನ ಹುಡುಗಿಯರಿದ್ದಾರೆ ಅಂತ. ನಾನು ಹೇಳುತ್ತಿದ್ದೆ. ಅವರು ಹೂಂ ಅನ್ನುತ್ತಿದ್ದರು, ಚಹಾ ಬರುತ್ತಿತ್ತು, ನಾನು ಮಕ್ಕಳ ಟ್ಯೂಷನ್ನಿನ ಹೊತ್ತಾಯಿತು ಅಂತ ಏಳುತ್ತಿದ್ದೆ.

ಈ ವಾರ ನನ್ನ ಬದಲಿಯ ಆದೇಶ ಬಂದಿದೆ. ಜಹೀರಾಬಾದ್ ಪೇಟೆಯ ಶಾಲೆ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆ ಊರಿನ ಪಾಯಿಂಟೇ ನನ್ನನ್ನು ಇಲ್ಲಿಗೆ ತಂದದ್ದು. ಮನೆಯವರು ಓಣಿಗೆಲ್ಲ ಪೇಢೆ ಹಂಚಿದರು. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ನನಗೆ ಮಾತ್ರ ಯಾರದೋ ಪಾಲಿನದನ್ನು ಸೀರೆಯೊಳಗೆ ಮುಚ್ಚಿಟ್ಟುಕೊಂಡು ಮನೆಗೆ ತಂದ ಹಾಗೆ ಆಗುತ್ತಿದೆ. ದೊಡ್ಡ ಸರ್ ಇದ್ದಿದ್ದರೆ ಪೇಢೆ ತೆಗೆದುಕೊಂಡು ಏನೋ ಒಂದು ಹೇಳಿ ನಗಿಸುತ್ತಿದ್ದರು, ನಾನು ನಕ್ಕು ಬಚಾವಾಗುತ್ತಿದ್ದೆ.

ನಿನ್ನೆ ಸಂಜೆ ಅನಿತಾಳ ಫೋನು ಬಂತು. ಈಗ ಅವಳದೇ ಅಡುಗೆಮನೆ. ನಾಗಮ್ಮನಿಗೆ ಒಲೆಯ ಮುಂದೆ ಕೂರಲು ಆಗುವುದಿಲ್ಲ.

"ಬಾಯೋರೆ, ಊರ ಮಂದಿ ನಿಮಗ ಸನ್ಮಾನ ಇಟ್ಕೊಂಡಾರ. ಶಾಲು ತಂದಾರ."

"ಅದೆಲ್ಲ ಯಾಕ ಅನಿತಾ" ಅಂದೆ. "ನಾ ಬಂದು ಮೈಕ್‌ನ್ಯಾಗ ಸರ್ ಹೇಳಿದ್ದು ನಾನೂ ಹೇಳಬೇಕು ಅಂತ ಮಾಡೀನಿ. ಅದು ಖರೇ ಅದ ಅಂತ."

ಆ ಕಡೆ ಅವಳು ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು.

"ಹೇಳಬ್ಯಾಡ್ರಿ" ಅಂದಳು. "ಮಂದಿ ಮತ್ತ ಚಪ್ಪಾಳಿ ಹೊಡೀತಾರ."

ಅವಳೇ ಮಾತು ಮುಂದುವರಿಸಿದಳು.

"ನಮ್ ತಂಗಿ ಸುನೀತಾ ಈ ವರ್ಷ ಏಳು ಮುಗಿಸ್ಯಾಳ. ನಾ ಮತ್ತ ಬಸ್ ಕೇಳಾಕ ಹೊಂಟೀನಿ. ನಾ ಒಬ್ಬಾಕಿ ಹೋದ್ರ ಅಡಗಿ ಮಾಡಾಕಿ ಅಂತಾರ, ಕೇಳಂಗಿಲ್ಲ. ನಿಮಗ ಹೇಳೂದದ ಅಂದ್ರ ಡಿಪೋದಾಗ ಬಂದು ಹೇಳ್ರಿ. ಬಸ್ ಯಾಕ ಖಾಲಿ ಬಂದಿತ್ತು ಅಂತ ಅವರ ಮುಂದ ಹೇಳ್ರಿ. ಈಗಿನ ಮಾಸ್ತರ ಮಂದಿಗೂ ಹೇಳ್ರಿ, ಹತ್ತ್ರಿ ಅಂತ."

"ಬರ್ತೀನಿ" ಅಂದೆ. ಅಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ, ನನಗೇ ಸರಿಯಾಗಿ ಕೇಳಿಸಿರಲಿಲ್ಲ.

"ಸೋಮವಾರ ಮುಂಜಾನಿ ಬರ್ರಿ" ಅಂದಳು ಅನಿತಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಡಿಪೋ ಖೇಡ್‌ನಾಗೇ ಅದ. ನೀವು ಜೀಪ್‌ನ್ಯಾಗ ಬಂದ್ರೂ ನಡೀತದ್ರಿ."